ನೀವು ಕೇಳಿದಿರಿ: ಗುರುಗಳ ನಿವೃತ್ತಿಗೊಂದು ವಿಚಾರ ಸಂಕಿರಣ

ಪ್ರಶ್ನೆ: ನಮ್ಮ ವಿಭಾಗದ ಹಿರಿಯ ಪ್ರಾಧ್ಯಾಪಕರು ನಿವೃತ್ತರಾಗುತ್ತಿದ್ದಾರೆ. ಅವರ ಗೌರವಾರ್ಥ ಕೋಶವಿಜ್ಞಾನ ಮತ್ತು ಕ್ಯಾನ್ಸರ್ ಕುರಿತು ಒಂದು ದಿನದ ವಿಚಾರ ಸಂಕಿರಣ ನಡೆಸಬೇಕೆಂದಿದ್ದೇವೆ. ಅಭಿನಂದನೆಗೂ ವಿಜ್ಞಾನಕ್ಕೂ ಸಮಯ ಹೇಗೆ ಹಂಚುವುದು?

ಉತ್ತರ: ಅಭಿನಂದನೆಗೆಂದೇ ಬೇರೆ ಗೋಷ್ಠಿ ಇಡಬೇಡಿ. ಪ್ರತಿ ಉಪನ್ಯಾಸಕರೂ ಮೊದಲ ಎರಡು ನಿಮಿಷದಲ್ಲಿ, ಒಂದೇ ಸ್ಲೈಡ್ ತೋರಿಸಿ, ಗುರುಗಳ ಯಾವ ಪ್ರಯೋಗ ತಮ್ಮ ಕೆಲಸದ ದಿಕ್ಕು ಬದಲಿಸಿತೆಂದು ಹೇಳಲಿ. ಬದುಕನ್ನೆಲ್ಲ ಪ್ರಯೋಗಾಲಯದಲ್ಲಿ ಕಳೆದವರಿಗೆ ಹಾರ ತುರಾಯಿಗಿಂತ ಅದು ದೊಡ್ಡ ಗೌರವ.

ಬೆಳಿಗ್ಗೆ 9.30ರಿಂದ ಸಂಜೆ 5.30ರವರೆಗೆ ನಿಮ್ಮ ಕೈಯಲ್ಲಿರುವುದು 480 ನಿಮಿಷ. 30 ನಿಮಿಷದ ಆರು ಉಪನ್ಯಾಸಗಳು (22 ನಿಮಿಷ ಮಾತು, 8 ನಿಮಿಷ ಪ್ರಶ್ನೋತ್ತರ), ಕಿರಿಯರಿಗೆ 15 ನಿಮಿಷದ ನಾಲ್ಕು, ಪೋಸ್ಟರ್‌ಗೆ 75, ಊಟಕ್ಕೆ 60, ಎರಡು ವಿರಾಮಕ್ಕೆ ಒಟ್ಟು 60. ಮಿಕ್ಕ 45 ನಿಮಿಷ ಗುರುಗಳ ಉಪನ್ಯಾಸಕ್ಕೆ, ಅದೂ ದಿನದ ಕೊನೆಗೆ. ಉಪನ್ಯಾಸಗಳನ್ನು ಹಿರಿತನದ ಮೇಲೆ ಜೋಡಿಸಬೇಡಿ, ವಿಷಯದ ಎಳೆ ಹಿಡಿದು ಜೋಡಿಸಿ: ಕೋಶಚಕ್ರದ ನಿಯಂತ್ರಣ, ಡಿಎನ್‌ಎ ಹಾನಿ, ವರ್ಣತಂತುಗಳ ಹಂಚಿಕೆ, ಕೋಶಗಳ ಚಲನೆ, ಆಮೇಲೆ ಚಿಕಿತ್ಸೆ.

ಕೆಡುವುದು ಸಾಮಾನ್ಯವಾಗಿ ಮೊದಲ ಗೋಷ್ಠಿಯಲ್ಲೇ. ಒಬ್ಬರು ಏಳು ನಿಮಿಷ ಎಳೆದರೆ ಅಧ್ಯಕ್ಷರು ಸಂಕೋಚದಿಂದ ಸುಮ್ಮನಿರುತ್ತಾರೆ. ಹಾಗೆ ಕೂಡಿದ ತಡವನ್ನೆಲ್ಲ ಕೊನೆಗೆ ಪೋಸ್ಟರ್ ಸಮಯದಿಂದ ಕತ್ತರಿಸುತ್ತಾರೆ. ಕಿರಿಯರು ಹಿರಿಯರೊಡನೆ ನಿಂತು ಮಾತಾಡಲು ಇರುವ ಹೊತ್ತು ಅದೊಂದೇ. ಆದ್ದರಿಂದ 20ನೇ ನಿಮಿಷಕ್ಕೆ ಒಂದು ಸೂಚನೆ, 22ಕ್ಕೆ ಅಧ್ಯಕ್ಷರು ಎದ್ದು ನಿಲ್ಲುವುದು, ಇವನ್ನು ಎಲ್ಲರಿಗೂ ಮೊದಲೇ ತಿಳಿಸಿ. ಸ್ಲೈಡ್‌ಗಳನ್ನು ಹಿಂದಿನ ಸಂಜೆಯೇ ಪಡೆದು ಸಭಾಂಗಣದ ಕಂಪ್ಯೂಟರ್‌ನಲ್ಲೇ ಓಡಿಸಿ ನೋಡಿ. ಕೋಶ ವಿಭಜನೆಯ ವಿಡಿಯೊಗಳು ಕೈಕೊಡುವುದು ಹೆಚ್ಚಾಗಿ ಮೂಲ ಫೈಲ್ ಉಪನ್ಯಾಸಕರ ಲ್ಯಾಪ್‌ಟಾಪ್‌ನಲ್ಲೇ ಉಳಿದುಬಿಟ್ಟಾಗ.

ಪ್ರಶ್ನೆ: ಗುರುಗಳು ಬಹುಕಾಲ ಯೀಸ್ಟ್ ಮೇಲೆ ಕೆಲಸ ಮಾಡಿದವರು. ಯೀಸ್ಟ್‌ಗೆ ಗಡ್ಡೆ ಬರುವುದಿಲ್ಲವಲ್ಲ, ಕ್ಯಾನ್ಸರ್ ಸಂಕಿರಣದಲ್ಲಿ ಅದಕ್ಕೇನು ಜಾಗ?

ಉತ್ತರ: ಮೊದಲ ಉಪನ್ಯಾಸದ ಜಾಗವನ್ನೇ ಅದಕ್ಕೆ ಕೊಡಿ. ಕೋಶ ಯಾವಾಗ ಇಬ್ಭಾಗವಾಗಬೇಕು ಎಂಬುದನ್ನು ನಿರ್ಧರಿಸುವ ಯಂತ್ರ ನಮಗೆ ಅರ್ಥವಾದದ್ದು ಬಹುಪಾಲು ಯೀಸ್ಟ್‌ನಿಂದ. ನಡುವೆ ಸೀಳಿ ಎರಡಾಗುವ ವಿದಳನ ಯೀಸ್ಟ್‌ನಲ್ಲಿ ಸಿಡಿಸಿ2 ಎಂಬ ಜೀನ್ ಕೆಟ್ಟರೆ ಕೋಶ ಬೆಳೆಯುತ್ತ ಉದ್ದವಾಗುತ್ತದೆಯೇ ಹೊರತು ಇಬ್ಭಾಗವಾಗುವುದಿಲ್ಲ. 1987ರಲ್ಲಿ ಮೆಲಾನಿ ಲೀ ಮತ್ತು ಪಾಲ್ ನರ್ಸ್ ಅಂಥ ಯೀಸ್ಟ್‌ಗೆ ಮನುಷ್ಯರ ಜೀನ್‌ಗಳನ್ನು ಸೇರಿಸಿ ನೋಡಿದರು. ಅವುಗಳಲ್ಲಿ ಒಂದು ಆ ಕೊರತೆಯನ್ನು ತುಂಬಿತು, ಯೀಸ್ಟ್ ಮತ್ತೆ ವಿಭಜಿಸಿತು. ನಮ್ಮ ಮತ್ತು ಯೀಸ್ಟ್‌ನ ವಂಶಗಳು ನೂರು ಕೋಟಿ ವರ್ಷಗಳಷ್ಟು ಹಿಂದೆ ಕವಲೊಡೆದಿದ್ದರೂ ಆ ಪ್ರೋಟೀನ್ ಒಂದರ ಬದಲು ಇನ್ನೊಂದು ಕೆಲಸ ಮಾಡುವಷ್ಟು ಹಾಗೇ ಉಳಿದಿದೆ! ಯೀಸ್ಟ್‌ನಲ್ಲೇ ಕೋಶಚಕ್ರದ ಜೀನ್‌ಗಳನ್ನು ಹುಡುಕಿದ ಲೀಲಂಡ್ ಹಾರ್ಟ್‌ವೆಲ್, ಸೀ ಅರ್ಚಿನ್ ಎಂಬ ಕಡಲಜೀವಿಯ ಮೊಟ್ಟೆಗಳಲ್ಲಿ ಈ ಯಂತ್ರದ ಜೊತೆಗಾರ ಪ್ರೋಟೀನ್ ಸೈಕ್ಲಿನ್ ಕಂಡ ಟಿಮ್ ಹಂಟ್ ಮತ್ತು ನರ್ಸ್, ಮೂವರಿಗೂ 2001ರ ನೊಬೆಲ್ ಬಂತು.

ಇದೇ ದಾರಿ ಆಸ್ಪತ್ರೆಯವರೆಗೂ ಹೋಗುತ್ತದೆ. ನಮ್ಮ ಕೋಶಗಳಲ್ಲಿ ಸೈಕ್ಲಿನ್-ಡಿ ಜೊತೆಗೂಡಿದ, ಸಿಡಿಸಿ2 ಪ್ರೋಟೀನಿನ ಸಂಬಂಧಿಗಳಾದ ಸಿಡಿಕೆ4, ಸಿಡಿಕೆ6 ಕಿಣ್ವಗಳು ವಿಭಜನೆಗೆ ತಡೆಯೊಡ್ಡುವ ಆರ್‌ಬಿ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುತ್ತವೆ. ಆರ್‌ಬಿಯ ಹಿಡಿತ ಸಡಿಲವಾಗಿ ಡಿಎನ್‌ಎ ನಕಲಿಗೆ ಬೇಕಾದ ಜೀನ್‌ಗಳನ್ನು ಎಬ್ಬಿಸುವ ಇ2ಎಫ್ ಪ್ರೋಟೀನ್ ಬಿಡುಗಡೆಯಾಗುತ್ತದೆ, ಡಿಎನ್‌ಎ ನಕಲು ಶುರುವಾಗುತ್ತದೆ. ಈ ಕಿಣ್ವಗಳನ್ನು ತಡೆಯುವ ಪಾಲ್ಬೊಸಿಕ್ಲಿಬ್‌ಗೆ ಒಂದು ಬಗೆಯ ಸ್ತನ ಕ್ಯಾನ್ಸರ್‌ಗಾಗಿ 2015ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಗಡ್ಡೆ ಆರ್‌ಬಿಯನ್ನೇ ಕಳೆದುಕೊಂಡಿದ್ದರೆ ಮಾತ್ರ ಈ ಔಷಧದಿಂದ ಪ್ರಯೋಜನ ಕಡಿಮೆ: ಬಾಗಿಲೇ ಇಲ್ಲದ ಮನೆಗೆ ಬೀಗ ಹಾಕಿದಂತೆ.

ಪ್ರಶ್ನೆ: ಪೋಸ್ಟರ್‌ಗಳನ್ನು ಆಯ್ಕೆ ಮಾಡುವಾಗ ಏನನ್ನು ಮುಖ್ಯವಾಗಿ ಗಮನಿಸಬೇಕು?

ಉತ್ತರ: ಕೋಶಗಳ ಗುರುತನ್ನು. ಅಮೆರಿಕದ ಕ್ಯಾನ್ಸರ್ ರೋಗಿ ಹೆನ್ರಿಯೆಟಾ ಲ್ಯಾಕ್ಸ್ ಅವರ ಗಡ್ಡೆಯಿಂದ 1951ರಲ್ಲಿ ಬೆಳೆಸಿದ ಹೀಲಾ ಕೋಶಗಳು ಎಷ್ಟು ಹುರುಪಿನವೆಂದರೆ, ಬೇರೆ ಕೋಶಗಳ ತಟ್ಟೆಗೆ ಒಂದು ಹನಿ ಬಿದ್ದರೂ ಕೆಲವೇ ವಾರಗಳಲ್ಲಿ ಅಲ್ಲಿದ್ದವನ್ನು ಮೂಲೆಗೊತ್ತಬಲ್ಲವು. ಬೇರೆ ಬೇರೆ ಅಂಗಾಂಶಗಳದ್ದೆಂದು ನಂಬಿದ್ದ ಹಲವು ಕೋಶವಂಶಗಳಲ್ಲಿ ಹೀಲಾದ್ದೇ ಗುರುತು ಇರುವುದನ್ನು ಸ್ಟ್ಯಾನ್ಲಿ ಗಾರ್ಟ್ಲರ್ 1960ರ ದಶಕದಲ್ಲೇ ತೋರಿಸಿದ್ದರು. ಹಾಗಾಗಿ ಡಿಎನ್‌ಎಯಿಂದ ಕೋಶಗಳ ಗುರುತು ಹಿಡಿಯುವ ಎಸ್‌ಟಿಆರ್ ಪರೀಕ್ಷೆಯ ಫಲಿತಾಂಶ ಕೇಳಿ. ಮೂಲ ದಾಖಲೆಯೊಂದಿಗೆ ಶೇ 80ಕ್ಕಿಂತ ಕಡಿಮೆ ಹೊಂದಿದರೆ ಅನುಮಾನಿಸಿ.

ಇನ್ನೊಂದು ಶತ್ರು ಮೈಕೊಪ್ಲಾಸ್ಮಾ. ಕೋಶಭಿತ್ತಿಯೇ ಇಲ್ಲದ ಈ ಬ್ಯಾಕ್ಟೀರಿಯಾಕ್ಕೆ ಪೆನಿಸಿಲಿನ್ ನಾಟುವುದಿಲ್ಲ. ಸಾಮಾನ್ಯ ಬ್ಯಾಕ್ಟೀರಿಯಾ ಹೊಕ್ಕಾಗ ಆಗುವಂತೆ ದ್ರಾವಣ ಕದಡುವುದೂ ಇಲ್ಲ. ಡಿಎನ್‌ಎ ಬಣ್ಣ ಹಾಕಿದಾಗ ಕೋಶಕೇಂದ್ರದ ಹೊರಗೆ ಸಣ್ಣ ಚುಕ್ಕೆಗಳು ಹೊಳೆದರೆ ಕೂಡಲೇ ಪಿಸಿಆರ್ ಮಾಡಿಸಿ. ಸೋಂಕು ಖಚಿತವಾದರೆ ಆ ಕೋಶಗಳ ಬೆಳವಣಿಗೆಯ ವೇಗ, ಔಷಧಕ್ಕೆ ಅವು ತೋರಿದ ಪ್ರತಿಕ್ರಿಯೆ ಯಾವುದನ್ನೂ ನಂಬುವಂತಿಲ್ಲ. ಪ್ರಯೋಗವನ್ನು ಶುದ್ಧ ಕೋಶಗಳಲ್ಲಿ ಮತ್ತೆ ಮಾಡಲು ಹೇಳಿ.

ಪ್ರಶ್ನೆ: ಸೂಕ್ಷ್ಮದರ್ಶಕದ ಚಿತ್ರಗಳಿಗೆ ಯಾವ ಬಣ್ಣ ಒಳ್ಳೆಯದು?

ಉತ್ತರ: ಕೆಂಪು-ಹಸಿರು ಬೇಡ. ಆ ಎರಡನ್ನು ಬೇರೆಯಾಗಿ ಕಾಣಲಾಗದವರು ಗಂಡಸರಲ್ಲಿ ಸಾಕಷ್ಟಿದ್ದಾರೆ. ಮಜೆಂಟಾ-ಹಸಿರು ಬಳಸಿ, ಪ್ರತಿ ಬಣ್ಣದ ಚಿತ್ರವನ್ನು ಬೇರೆಯಾಗಿ ಕಪ್ಪು-ಬಿಳುಪಿನಲ್ಲೂ ಕೊಡಿ. ಅಳತೆಗೆರೆ (ಸ್ಕೇಲ್ ಬಾರ್) ಮರೆಯಬೇಡಿ, ‘40 ಪಟ್ಟು’ ಎಂದು ಬರೆದರೆ ಸಾಲದು, ಚಿತ್ರ ಹಿಗ್ಗಿಸಿ ಮುದ್ರಿಸಿದ ಕ್ಷಣವೇ ಆ ಸಂಖ್ಯೆ ಸುಳ್ಳಾಗುತ್ತದೆ.