ಬೇರೆ ಊರಿನ ವಿಮಾನ ಹತ್ತಿದರೆ ತಪ್ಪು ಯಾರದು?

ಚೆಕ್-ಇನ್ ಕೌಂಟರ್, ಬೋರ್ಡಿಂಗ್ ಗೇಟ್ ಮತ್ತು ಲಗೇಜ್ ವಿಭಾಗಗಳಲ್ಲಿ 26 ವರ್ಷ ದುಡಿದು ನಿವೃತ್ತರಾದ ವಿಮಾನ ನಿಲ್ದಾಣದ ಅಧಿಕಾರಿಯೊಬ್ಬರು ಈ ಬಾರಿ ಓದುಗರ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.

ಪ್ರಶ್ನೆ: ನಮ್ಮ ಅವ್ವನಿಗೆ 68 ವರ್ಷ. ಅಕ್ಕನ ಮನೆಯಿಂದ ಹುಬ್ಬಳ್ಳಿಗೆ ಮೊದಲ ಬಾರಿಗೆ ಒಬ್ಬರೇ ವಿಮಾನದಲ್ಲಿ ಬರುತ್ತಿದ್ದರು. ದೊಡ್ಡ ನಿಲ್ದಾಣವೊಂದರ ನೆಲಮಹಡಿಯ ಗೇಟಿನಲ್ಲಿ ಬೋರ್ಡಿಂಗ್ ಪಾಸ್ ತೋರಿಸಿ ಹೊರಗೆ ಬಂದಾಗ ಅಲ್ಲಿ ಎರಡು ಬಸ್ಸುಗಳು ನಿಂತಿದ್ದವು. ಮುಂದೆ ಹೋಗುತ್ತಿದ್ದವರ ಹಿಂದೆಯೇ ಹೋಗಿ ಒಂದನ್ನು ಹತ್ತಿದರು. ವಿಮಾನದೊಳಗೆ ಅವರ ಸೀಟಿನಲ್ಲಿ ಬೇರೆಯವರು ಕುಳಿತಿದ್ದರು. ಗಗನಸಖಿ ‘ಸ್ವಲ್ಪ ನಿಲ್ಲಿ, ಬೇರೆ ಸೀಟು ಕೊಡುತ್ತೇನೆ’ ಎಂದರಂತೆ. ಅಷ್ಟರಲ್ಲಿ ಪಕ್ಕದ ಹೆಣ್ಣುಮಗಳೊಬ್ಬಳು ಪಾಸ್ ನೋಡಿ ‘ಯವ್ವಾ, ಇದು ಬೆಳಗಾವಿಗೆ ಹೋಗೂದೈತ್ರಿ’ ಎಂದಳು. ಅವ್ವನನ್ನು ಇಳಿಸಿ ಹುಬ್ಬಳ್ಳಿ ವಿಮಾನಕ್ಕೆ ಕರೆದೊಯ್ದ ಸಿಬ್ಬಂದಿ, ‘ಓದಲು ಬರುವುದಿಲ್ಲವೇ’ ಎಂದು ಎಲ್ಲರೆದುರು ಗದರಿದರಂತೆ. ಅಂದಿನಿಂದ ಅವ್ವ ಇನ್ನು ವಿಮಾನದ ಸಹವಾಸವೇ ಬೇಡ ಎನ್ನುತ್ತಾರೆ. ಇಷ್ಟೆಲ್ಲ ತಪಾಸಣೆ ಇದ್ದೂ ಹೀಗಾಗುವುದು ಹೇಗೆ? ವಿಮಾನ ಹಾರಿಬಿಟ್ಟಿದ್ದರೆ ಏನಾಗುತ್ತಿತ್ತು?
– ಓದುಗರೊಬ್ಬರು, ಧಾರವಾಡ

ಉತ್ತರ: ಮೊದಲು ನಿಮ್ಮ ತಾಯಿಯವರಿಗೆ ನನ್ನ ಪರವಾಗಿ ಒಂದು ಮಾತು ತಿಳಿಸಿ. ತಪ್ಪು ಬಸ್ಸು ಹತ್ತಿದ್ದು ಅವರ ಗಲಿಬಿಲಿ ಇರಬಹುದು, ಆದರೆ ತಪ್ಪು ವಿಮಾನದ ಸೀಟಿನವರೆಗೆ ಅವರು ತಲುಪಿದ್ದು ಅವರ ತಪ್ಪಲ್ಲ. ಪ್ರಯಾಣಿಕರು ಗಲಿಬಿಲಿಗೊಳ್ಳುತ್ತಾರೆ ಎಂಬುದನ್ನು ಮೊದಲೇ ಲೆಕ್ಕಕ್ಕೆ ಹಿಡಿದು ಈ ವ್ಯವಸ್ಥೆಯನ್ನು ಕಟ್ಟಲಾಗಿದೆ. ಗದರಿದ ಸಿಬ್ಬಂದಿ ಮುಚ್ಚಿಟ್ಟದ್ದು ತಮ್ಮ ಕಡೆಯ ಲೋಪವನ್ನು.

ಬೋರ್ಡಿಂಗ್ ಪಾಸಿನ ಮೇಲಿರುವ ಚುಕ್ಕೆಗಳ ಚೌಕದಲ್ಲಿ ಪ್ರಯಾಣಿಕರ ಹೆಸರು, ಪಿಎನ್‌ಆರ್, ಹೊರಡುವ ಮತ್ತು ತಲುಪುವ ಊರುಗಳ ಮೂರಕ್ಷರದ ಸಂಕೇತ, ವಿಮಾನದ ಸಂಖ್ಯೆ, ಸೀಟು ಮತ್ತು ಆ ದಿನ ವರ್ಷದ ಎಷ್ಟನೆಯ ದಿನ ಎಂಬ ಲೆಕ್ಕ ಇರುತ್ತವೆ. ಜನವರಿ 30 ಅದರಲ್ಲಿ 030 ಎಂದು ಕೂತಿರುತ್ತದೆ. ಗೇಟಿನ ಸ್ಕ್ಯಾನರ್ ಇದನ್ನು ಓದಿ, ಆ ಹೊತ್ತಿಗೆ ಅಲ್ಲಿ ತೆರೆದಿರುವ ವಿಮಾನಕ್ಕೆ ಹೊಂದಿಸಿ ನೋಡುತ್ತದೆ; ಹೊಂದದಿದ್ದರೆ ಕೆಂಪು ದೀಪ ಹತ್ತಿ ಬೇರೆಯೇ ಸದ್ದು ಬರುತ್ತದೆ. ಗೇಟು ದಾಟಿದ ಮೇಲೆ ಏಣಿಯ ಬುಡದಲ್ಲಿ ಇನ್ನೊಬ್ಬರು ಪಾಸ್ ನೋಡಬೇಕು, ವಿಮಾನದ ಬಾಗಿಲಲ್ಲಿ ಗಗನಸಖಿ ವಿಮಾನದ ಸಂಖ್ಯೆ ಮತ್ತು ಸೀಟು ನೋಡಬೇಕು, ಕೊನೆಗೆ ಒಳಗೆ ಕುಳಿತವರ ತಲೆ ಎಣಿಸಿ ಗೇಟಿನ ಲೆಕ್ಕದೊಂದಿಗೆ ತಾಳೆ ಹಾಕಬೇಕು. ನಿಮ್ಮ ತಾಯಿಯವರ ವಿಷಯದಲ್ಲಿ ಗೇಟಿನ ಸ್ಕ್ಯಾನರ್ ಸರಿಯಾಗಿಯೇ ಕೆಲಸ ಮಾಡಿದೆ. ಏಣಿಯ ಬುಡದವರು ಮತ್ತು ಬಾಗಿಲಲ್ಲಿದ್ದವರು ಪಾಸನ್ನು ನೋಡಿದರೂ ಓದಿಲ್ಲ.

ನಮ್ಮ ಊರುಗಳಿಗೆ ಹೋಗುವವರಿಗೆ ಈ ಅಪಾಯ ತುಸು ಹೆಚ್ಚು ಎಂದು ನಾನು ಬಲ್ಲೆ. ಹುಬ್ಬಳ್ಳಿ, ಬೆಳಗಾವಿ, ಮೈಸೂರಿನಂಥ ಊರುಗಳಿಗೆ ಹೆಚ್ಚಾಗಿ ಓಡಾಡುವುದು ಎಟಿಆರ್ ಎಂಬ ಪ್ರೊಪೆಲರ್ ಇರುವ ಚಿಕ್ಕ ವಿಮಾನ. ದೊಡ್ಡ ನಿಲ್ದಾಣಗಳಲ್ಲಿ ಇವುಗಳಿಗೆ ಏರೊಬ್ರಿಡ್ಜ್ (ಕಟ್ಟಡದಿಂದ ನೇರ ವಿಮಾನದ ಬಾಗಿಲಿಗೆ ಹೋಗುವ ಸೇತುವೆ) ಸಿಗುವುದು ಅಪರೂಪ, ಕಟ್ಟಡದಿಂದ ದೂರದ ತಂಗುಜಾಗಗಳಲ್ಲಿ ಒಂದರ ಪಕ್ಕ ಒಂದು ನಿಂತಿರುತ್ತವೆ. ಒಂದೇ ಬಣ್ಣ, ಒಂದೇ ಗಾತ್ರ; ಮೈಮೇಲೆ ಊರಿನ ಹೆಸರೂ ಇರುವುದಿಲ್ಲ. ಪಾಸಿನ ಮೇಲಾದರೋ ಬೆಳಗಾವಿ ಐಎಕ್ಸ್‌ಜಿ, ಮಂಗಳೂರು ಐಎಕ್ಸ್‌ಇ, ಜಮ್ಮು ಐಎಕ್ಸ್‌ಜೆ, ಚಂಡೀಗಢ ಐಎಕ್ಸ್‌ಸಿ. ಕಣ್ಣು ಮಂಜಾದವರಿಗೆ ಇವುಗಳ ನಡುವೆ ವ್ಯತ್ಯಾಸ ಕಾಣುವುದಾದರೂ ಹೇಗೆ?

ಇನ್ನು ‘ಹಾರಿಬಿಟ್ಟಿದ್ದರೆ’ ಎಂಬ ಪ್ರಶ್ನೆ. ಹುಬ್ಬಳ್ಳಿ ವಿಮಾನದ ಗೇಟು ದಾಟಿದವರು 74 ಎಂದು ಯಂತ್ರ ತೋರಿಸಿ ಒಳಗೆ 73 ತಲೆಗಳಿದ್ದರೆ, ಅದು ಬಾಗಿಲು ಮುಚ್ಚಿ ಹೊರಡುವಂತಿಲ್ಲ. ಬೆಳಗಾವಿ ವಿಮಾನದಲ್ಲೂ ಒಂದು ತಲೆ ಹೆಚ್ಚಾಗಿ ಸಿಕ್ಕಿಬೀಳಬೇಕು. ಹಾಗಾಗಿ ಆ ಹೆಣ್ಣುಮಗಳು ಪಾಸ್ ನೋಡದೇ ಇದ್ದಿದ್ದರೂ ಎಣಿಕೆ ಮುಗಿಯುವ ಹೊತ್ತಿಗೆ ನಿಮ್ಮ ತಾಯಿಯವರು ಪತ್ತೆಯಾಗುವ ಸಾಧ್ಯತೆಯೇ ಹೆಚ್ಚಿತ್ತು. ಎಣಿಕೆ ಕೈಕೊಡುವುದು ಗೇಟಿನಲ್ಲೇ ತಪ್ಪು ನಡೆದಾಗ. ಸ್ಕ್ಯಾನರ್ ಪಾಸನ್ನು ಒಪ್ಪದಿದ್ದಾಗ ಸಿಬ್ಬಂದಿ ಕೀಲಿಮಣೆಯಲ್ಲಿ ಪಾಸಿನ ಕ್ರಮಸಂಖ್ಯೆಯನ್ನು ಕೈಯಿಂದ ಒತ್ತಲು ಅವಕಾಶವಿದೆ. ಈ ಕ್ರಮಸಂಖ್ಯೆ ಪ್ರತಿ ವಿಮಾನಕ್ಕೂ ಒಂದರಿಂದಲೇ ಶುರುವಾಗುತ್ತದೆ. ಹುಬ್ಬಳ್ಳಿಗೂ ಒಬ್ಬ 34ನೆಯವರಿರುತ್ತಾರೆ, ಬೆಳಗಾವಿಗೂ ಇರುತ್ತಾರೆ. ಕಾಗದ ಸುಕ್ಕಾಗಿರಬೇಕು ಎಂದುಕೊಂಡು ಹುಬ್ಬಳ್ಳಿಯವರ 34ನ್ನು ಬೆಳಗಾವಿಯ ಪರದೆಯಲ್ಲಿ ಒತ್ತಿದರೆ ಯಂತ್ರ ಬೆಳಗಾವಿಯ 34ನೆಯವರು ಒಳಗೆ ಹೋದರೆಂದು ಬರೆದುಕೊಳ್ಳುತ್ತದೆ, ತಲೆಯ ಎಣಿಕೆಯೂ ಅದಕ್ಕೆ ಹೊಂದಿಬಿಡುತ್ತದೆ. ಆಮೇಲೆ ನಿಜವಾದ 34ನೆಯವರು ಬಂದಾಗ ‘ಈಗಾಗಲೇ ಹತ್ತಿದ್ದಾರೆ’ ಎಂದು ಅದು ಕೂಗಿಕೊಳ್ಳುತ್ತದೆ. ಆ ಕ್ಷಣದಲ್ಲಿ ಸಿಬ್ಬಂದಿ ಸಾಲನ್ನು ನಿಲ್ಲಿಸಬೇಕು. ನನ್ನ ಕೈಕೆಳಗೆ ಕೆಲಸ ಕಲಿತ ಹುಡುಗ ಹುಡುಗಿಯರಿಗೆಲ್ಲ ನಾನು ಹೇಳುತ್ತಿದ್ದುದು ಇದೊಂದೇ: ಹಿಂದೆ ನೂರು ಜನ ಗೊಣಗಿದರೂ ಸರಿ, ಕೆಂಪು ದೀಪ ಹತ್ತಿದರೆ ಕೈ ಕೀಲಿಮಣೆಗೆ ಹೋಗಕೂಡದು, ಕಣ್ಣು ಪಾಸಿಗೆ ಹೋಗಬೇಕು.

ಇದೆಲ್ಲ ಬರಿಯ ಊಹೆಯಲ್ಲ. 2023ರ ಜನವರಿ 30ರಂದು ದೆಹಲಿಯಿಂದ ಪಟ್ನಾಕ್ಕೆ ಹೊರಟಿದ್ದ ಇಂಡಿಗೊ ಪ್ರಯಾಣಿಕರೊಬ್ಬರು ಉದಯಪುರದಲ್ಲಿ ಇಳಿದರು. ಪಟ್ನಾ ಪೂರ್ವಕ್ಕೆ, ಉದಯಪುರ ನೈರುತ್ಯಕ್ಕೆ. ಅವರು ಇಳಿದ ಮೇಲೆ ತಾವೇ ಹೇಳಿದಾಗ ವಿಷಯ ಬೆಳಕಿಗೆ ಬಂತು, ವಿಮಾನಯಾನ ಮಹಾನಿರ್ದೇಶನಾಲಯ ತನಿಖೆಗೆ ಆದೇಶಿಸಿತು. 2017ರಲ್ಲಿ ಅಮೆರಿಕದ ನ್ಯೂವರ್ಕ್‌ನಿಂದ ಪ್ಯಾರಿಸ್‌ಗೆ ಹೊರಟಿದ್ದ ಫ್ರೆಂಚ್ ಮಹಿಳೆಯೊಬ್ಬರದು ನಿಮ್ಮ ತಾಯಿಯವರ ಅನುಭವಕ್ಕೆ ಬಹಳ ಹತ್ತಿರದ ಕಥೆ. ಕೊನೆಯ ಗಳಿಗೆಯಲ್ಲಿ ಗೇಟು ಬದಲಾಯಿತು, ಆ ಸಂಗತಿ ಇಂಗ್ಲಿಷ್ ಬಾರದ ಅವರಿಗೆ ತಿಳಿಯಲಿಲ್ಲ. ಹಳೆಯ ಗೇಟಿನಿಂದಲೇ ಒಳಗೆ ಹೋದರು. ಅವರ ಸೀಟಿನಲ್ಲೂ ಬೇರೆಯವರು ಕುಳಿತಿದ್ದರು. ಗಗನಸಖಿ ಅವರಿಗೆ ಇನ್ನೊಂದು ಸೀಟು ತೋರಿಸಿದರು. ಇಳಿದದ್ದು ಪ್ಯಾರಿಸ್‌ನಲ್ಲಲ್ಲ, ದೇಶದ ಇನ್ನೊಂದು ತುದಿಯ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ‘ನನ್ನ ಸೀಟಿನಲ್ಲಿ ಬೇರೆಯವರಿದ್ದಾರೆ’ ಎಂಬುದು ತಪ್ಪು ವಿಮಾನದ ಮೊದಲ ಸುಳಿವು, ಎಷ್ಟೋ ಸಲ ಕೊನೆಯ ಸುಳಿವೂ ಅದೇ. ಅಂಥ ಹೊತ್ತಿನಲ್ಲಿ ಖಾಲಿ ಸೀಟು ತೋರಿಸುವುದು ಸೌಜನ್ಯವಾಗಿ ಕಂಡರೂ, ಮೊದಲು ಆಗಬೇಕಾದದ್ದು ಇಬ್ಬರ ಪಾಸನ್ನೂ ಪಕ್ಕಪಕ್ಕದಲ್ಲಿಟ್ಟು ಓದುವ ಕೆಲಸ.

ಇದನ್ನು ಒಬ್ಬ ಪ್ರಯಾಣಿಕರ ತೊಂದರೆ ಎಂದಷ್ಟೇ ನೋಡಿ ಕೈಬಿಡುವವರ ಮೇಲೆ ನನಗೆ ಸಿಟ್ಟಿದೆ. ಪ್ರಯಾಣಿಕರು ಒಂದು ವಿಮಾನದಲ್ಲಿ, ಅವರ ಪೆಟ್ಟಿಗೆ ಇನ್ನೊಂದರಲ್ಲಿ ಎಂದರೆ ಏನರ್ಥ ಎಂಬುದನ್ನು ನಮ್ಮ ದೇಶ ಬಹಳ ದೊಡ್ಡ ಬೆಲೆ ತೆತ್ತು ಕಲಿತಿದೆ. 1985ರ ಜೂನ್ 23ರಂದು ಏರ್ ಇಂಡಿಯಾದ ‘ಕನಿಷ್ಕ’ ಐರ್ಲೆಂಡ್ ಬಳಿಯ ಸಮುದ್ರದ ಮೇಲೆ ಸಿಡಿದು 329 ಜನ ಸತ್ತರು. ಬಾಂಬಿದ್ದ ಪೆಟ್ಟಿಗೆಯನ್ನು ವ್ಯಾಂಕೂವರ್‌ನಲ್ಲಿ ಒಪ್ಪಿಸಿದ ವ್ಯಕ್ತಿ ವಿಮಾನವನ್ನೇ ಹತ್ತಿರಲಿಲ್ಲ. ಹತ್ತದವರ ಲಗೇಜನ್ನು ಹುಡುಕಿ ಕೆಳಗಿಳಿಸಿದ ಮೇಲೆಯೇ ವಿಮಾನ ಹೊರಡಬೇಕು ಎಂಬ ಕಟ್ಟುನಿಟ್ಟು ಬಲವಾಗಿ ಬೇರೂರಿದ್ದು ಅಂಥ ಸಾವುಗಳಿಂದ. ಆ ಕಟ್ಟುನಿಟ್ಟೆಲ್ಲ ನಿಂತಿರುವುದು ಯಾರು ಯಾವ ವಿಮಾನದಲ್ಲಿದ್ದಾರೆ ಎಂಬ ಪಟ್ಟಿ ನಿಜವಾಗಿರುತ್ತದೆ ಎಂಬ ನಂಬಿಕೆಯ ಮೇಲೆ. ಗೇಟಿನಲ್ಲಿ ಒಂದು ತಪ್ಪು ಸಂಖ್ಯೆ ಒತ್ತಿದರೆ ಆ ಪಟ್ಟಿ ಸುಳ್ಳಾಗುತ್ತದೆ. ನಿಮ್ಮ ತಾಯಿಯವರು ಗದರಿಕೆಗೆ ತಲೆತಗ್ಗಿಸಬೇಕಾಗಿರಲಿಲ್ಲ ಎಂದು ನಾನು ಹೇಳುವುದು ಇದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡೇ.

ಓದಲು ಬಾರದವರ ವಿಷಯ ಬಂದುದರಿಂದ ಇನ್ನೊಂದು ಮಾತು. 2018ರ ಕೊನೆಯಲ್ಲಿ, ನಿಲ್ದಾಣಗಳಲ್ಲಿ ಘೋಷಣೆಗಳು ಮೊದಲು ಸ್ಥಳೀಯ ಭಾಷೆಯಲ್ಲಿ, ಆಮೇಲೆ ಹಿಂದಿ ಮತ್ತು ಇಂಗ್ಲಿಷಿನಲ್ಲಿ ಇರಬೇಕೆಂದು ವಿಮಾನ ನಿಲ್ದಾಣ ಪ್ರಾಧಿಕಾರ ಸೂಚಿಸಿತು. ಆದರೆ ಈಗ ಹಲವು ದೊಡ್ಡ ನಿಲ್ದಾಣಗಳು ‘ನಿಶ್ಶಬ್ದ’ ನಿಲ್ದಾಣಗಳಾಗಿವೆ, ಅಲ್ಲಿ ಬೋರ್ಡಿಂಗ್ ಘೋಷಣೆಯೇ ಇಲ್ಲ. ಗದ್ದಲ ಕಡಿಮೆಯಾಗುವುದು ಒಳ್ಳೆಯದೇ, ನಾನು ಅಲ್ಲಗಳೆಯುವುದಿಲ್ಲ. ಆದರೆ ಪರದೆಯ ಮೇಲೆ ಓಡುವ ಸಣ್ಣ ಅಕ್ಷರಗಳನ್ನು ಓದಲಾಗದವರಿಗೆ ಕಿವಿಯೇ ಆಸರೆಯಾಗಿತ್ತು. ನಿಶ್ಶಬ್ದ ಇರಲಿ, ಆದರೆ ಬಸ್ಸಿನ ಬಾಗಿಲಲ್ಲಿ ಒಬ್ಬರು ನಿಂತು ‘ಹುಬ್ಬಳ್ಳಿ, ಹುಬ್ಬಳ್ಳಿ’ ಎಂದು ಕೂಗುವುದಕ್ಕೆ ಯಾವ ನಿಯಮವೂ ಅಡ್ಡ ಬರುವುದಿಲ್ಲ. ನಮ್ಮ ಸಾರಿಗೆ ಬಸ್ಸಿನ ಕಂಡಕ್ಟರುಗಳು ದಿನವಿಡೀ ಮಾಡುವ ಕೆಲಸವದು.

ಮುಂದಿನ ಸಲ ತಾಯಿಯವರನ್ನು ಕಳಿಸುವಾಗ ಟಿಕೆಟ್ ಮಾಡುವ ಹಂತದಲ್ಲೇ ನೆರವು ಬೇಕೆಂದು ಕೇಳಿ. ಗಾಲಿಕುರ್ಚಿಯ ಸೇವೆ ಪಡೆದರೆ ಸಿಬ್ಬಂದಿಯೇ ಜೊತೆಗೆ ಬಂದು ವಿಮಾನ ಹತ್ತಿಸುತ್ತಾರೆ. ಅದು ಬೇಡವೆನಿಸಿದರೆ ಊರಿನ ಹೆಸರು ಮತ್ತು ವಿಮಾನದ ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಒಂದು ರಟ್ಟಿನ ಮೇಲೆ ಬರೆದುಕೊಡಿ. ಬಸ್ಸಿನ ಮುಂದೊಮ್ಮೆ, ಏಣಿಯ ಬುಡದಲ್ಲೊಮ್ಮೆ, ವಿಮಾನದ ಬಾಗಿಲಲ್ಲೊಮ್ಮೆ ‘ಹುಬ್ಬಳ್ಳಿನಾ?’ ಎಂದು ಬಾಯಿಬಿಟ್ಟು ಕೇಳಲಿ. ಕೇಳುವುದರಲ್ಲಿ ಸಂಕೋಚವೇನೂ ಇಲ್ಲ. ನಾನು ಇಂದಿಗೂ ಕೇಳುತ್ತೇನೆ.

ಪರಿಹಾರದ ಬಗ್ಗೆ ನೀವು ಕೇಳಿಲ್ಲವಾದರೂ ಹೇಳಿಬಿಡುತ್ತೇನೆ. ವಿಮಾನಯಾನ ಮಹಾನಿರ್ದೇಶನಾಲಯದ ನಿಯಮಗಳು ಪ್ರಯಾಣ ನಿರಾಕರಣೆ ಮತ್ತು ವಿಮಾನ ರದ್ದತಿಗೆ ಪರಿಹಾರವನ್ನು ಗೊತ್ತುಪಡಿಸಿವೆ. ತಪ್ಪು ವಿಮಾನಕ್ಕೆ ಹತ್ತಿಸಿದ್ದು ಇವೆರಡರಲ್ಲಿ ಬರದಿದ್ದರೂ ಸೇವೆಯಲ್ಲಿನ ಕೊರತೆಯಾದ್ದರಿಂದ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಮೊದಲು ಕಂಪನಿಗೆ ಲಿಖಿತವಾಗಿ ಬರೆಯಿರಿ, ಅಲ್ಲಿ ಕೇಳದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಬೋರ್ಡಿಂಗ್ ಪಾಸ್ ಮತ್ತು ಲಗೇಜ್ ಚೀಟಿಯನ್ನು ಎಸೆಯಬೇಡಿ, ನಿಮ್ಮ ಸಾಕ್ಷಿ ಅವೇ.

ಪ್ರಶ್ನೆ: ಗೋವಾದಿಂದ ಬೆಂಗಳೂರಿಗೆ ಮರಳುವಾಗ ದಾಬೋಲಿಂ ನಿಲ್ದಾಣಕ್ಕೆ ಹೋದೆವು, ನಮ್ಮ ವಿಮಾನ ಮೋಪಾದಿಂದ ಇತ್ತು. ಟಿಕೆಟ್ ಹಣ ಹೋಯಿತು. ಕಂಪನಿ ಎಚ್ಚರಿಸಬೇಕಿತ್ತಲ್ಲವೇ?
– ಓದುಗರೊಬ್ಬರು, ತುಮಕೂರು

ಉತ್ತರ: ಟಿಕೆಟಿನಲ್ಲಿ ನಿಲ್ದಾಣದ ಹೆಸರು ಸ್ಪಷ್ಟವಾಗಿದ್ದರೆ ಹಣ ಮರಳಿ ಕೇಳುವುದು ಕಷ್ಟ. ಹಳೆಯ ದಾಬೋಲಿಂ ವಾಸ್ಕೊ ಬಳಿ ಇದೆ, ಅದರ ಸಂಕೇತ ಜಿಒಐ. 2023ರ ಜನವರಿಯಿಂದ ಪ್ರಯಾಣಿಕರಿಗೆ ತೆರೆದ ಮೋಪಾ ಉತ್ತರದ ತುದಿಯ ಪೆರ್ನೆಂ ತಾಲ್ಲೂಕಿನಲ್ಲಿದೆ, ಅದರದು ಜಿಒಎಕ್ಸ್. ಹೋಗುವಾಗ ಒಂದರಲ್ಲಿ ಇಳಿದು ಬರುವಾಗ ಇನ್ನೊಂದರಿಂದ ಹೊರಡುವ ಟಿಕೆಟ್ ಅಗ್ಗಕ್ಕೆ ಸಿಗುವುದುಂಟು, ಎಡವಟ್ಟಾಗುವುದು ಅಲ್ಲೇ. ಟ್ಯಾಕ್ಸಿಯವರಿಗೆ ‘ಏರ್‌ಪೋರ್ಟ್’ ಎಂದಷ್ಟೇ ಹೇಳದೆ ನಿಲ್ದಾಣದ ಹೆಸರನ್ನೂ ಹೇಳಿ. ವಿಮಾನ ಹೊರಟ ಮೇಲೂ ಟಿಕೆಟಿನಲ್ಲಿನ ನಿಲ್ದಾಣ ಶುಲ್ಕಗಳನ್ನು ಮರಳಿ ಕೇಳಬಹುದು, ಅದನ್ನು ಬಿಡಬೇಡಿ.

ಪ್ರಶ್ನೆ: ಎಂಟು ವರ್ಷದ ಮಗನನ್ನು ದೆಹಲಿಯಲ್ಲಿರುವ ಅವನ ಸೋದರಮಾವನ ಮನೆಗೆ ಒಬ್ಬನನ್ನೇ ಕಳಿಸಬೇಕಾಗಿದೆ. ಸಿಬ್ಬಂದಿಯೇ ಕರೆದೊಯ್ಯುತ್ತಾರೆ ಎನ್ನುತ್ತಾರೆ. ಧೈರ್ಯವಾಗಿ ಕಳಿಸಬಹುದೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಕಳಿಸಬಹುದು, ಆದರೆ ‘ಒಂಟಿ ಬಾಲಪ್ರಯಾಣಿಕ’ ಸೇವೆಯನ್ನು ಮೊದಲೇ ಕಾಯ್ದಿರಿಸಿ, ಸಾಧ್ಯವಾದರೆ ನೇರ ವಿಮಾನದಲ್ಲೇ ಕಳಿಸಿ. ಸಿಬ್ಬಂದಿ ಜೊತೆಗಿದ್ದರೂ ತಪ್ಪಾಗುವುದುಂಟು. 2023ರ ಡಿಸೆಂಬರ್‌ನಲ್ಲಿ ಅಮೆರಿಕದ ಫಿಲಡೆಲ್ಫಿಯಾದಿಂದ ಫೋರ್ಟ್ ಮಯರ್ಸ್‌ಗೆ ಒಬ್ಬನೇ ಹೊರಟಿದ್ದ ಆರು ವರ್ಷದ ಮಗುವನ್ನು ಸ್ಪಿರಿಟ್ ಏರ್‌ಲೈನ್ಸ್‌ನ ಸಿಬ್ಬಂದಿ ಒರ್ಲಾಂಡೊ ವಿಮಾನಕ್ಕೆ ಹತ್ತಿಸಿಬಿಟ್ಟರು. ಫೋರ್ಟ್ ಮಯರ್ಸ್‌ನಲ್ಲಿ ಕಾಯುತ್ತಿದ್ದ ಅಜ್ಜಿಗೆ ಮೊಮ್ಮಗನ ಪೆಟ್ಟಿಗೆ ಸಿಕ್ಕಿತು, ಮೊಮ್ಮಗ ಸಿಗಲಿಲ್ಲ. ಮಗು ತಾನೇ ಕರೆ ಮಾಡಿ ಇಳಿದಿದ್ದೇನೆಂದು ಹೇಳಿದ ಮೇಲೆ ಅವರು ಒರ್ಲಾಂಡೊವರೆಗೆ ಕಾರಿನಲ್ಲಿ ಹೋಗಿ ಕರೆತಂದರು. ಕಂಪನಿ ಕ್ಷಮೆ ಕೇಳಿತು.

ಆದ್ದರಿಂದ ಮಗನಿಗೆ ತಲುಪುವ ಊರಿನ ಹೆಸರು ಮತ್ತು ಮಾವನ ಫೋನ್ ಸಂಖ್ಯೆ ಬಾಯಿಪಾಠವಾಗಿರಲಿ, ಬರೆದ ಚೀಟಿ ಚೀಲದಲ್ಲಲ್ಲ, ಅಂಗಿಯ ಜೇಬಿನಲ್ಲಿರಲಿ. ಸೀಟಿನಲ್ಲಿ ಕುಳಿತ ಕೂಡಲೇ ‘ಇದು ದೆಹಲಿಗೆ ಹೋಗುತ್ತದೆಯೇ ಆಂಟಿ?’ ಎಂದು ಗಗನಸಖಿಯನ್ನು ಕೇಳಲು ಹೇಳಿಕೊಡಿ. ಎಂಟು ವರ್ಷದ ಮಗು ಇಷ್ಟನ್ನು ಖಂಡಿತ ಕೇಳಬಲ್ಲದು. ಒಪ್ಪಿಸಿಕೊಂಡ ಸಿಬ್ಬಂದಿಯ ಹೆಸರು ಬರೆದುಕೊಳ್ಳಿ, ಈ ಸೇವೆಗಾಗಿ ತುಂಬಿದ ಫಾರಂನ ಫೋಟೊ ತೆಗೆದು ಮಾವನಿಗೆ ಕಳಿಸಿ. ಮಗ ಗೇಟು ದಾಟಿದನೆಂದು ಹೊರಟುಬಿಡಬೇಡಿ. ಅವನು ಸೀಟಿನಲ್ಲಿ ಕುಳಿತಿದ್ದಾನೆಂದು ಕೌಂಟರಿನಲ್ಲಿ ಕೇಳಿ ಖಚಿತಪಡಿಸಿಕೊಂಡು, ವಿಮಾನ ನೆಲ ಬಿಡುವವರೆಗೆ ನಿಲ್ದಾಣದಲ್ಲೇ ಇರಿ.