ಮಳೆಗಾಲದಲ್ಲಿ ಕಾರು ಸ್ಟಾರ್ಟ್ ಮಾಡಿದಾಗ ಎಂಜಿನ್ನಿನ ಬೆಲ್ಟ್ ಕೀಚಲು ಸದ್ದು ಮಾಡುತ್ತದೆ. ಬದಲಿಸಬೇಕೇ?

ಮುಂಬೈ ಮಳೆಯಲ್ಲಿ ರಾತ್ರಿಯಿಡೀ ಹೊರಗೆ ನಿಂತ ಕಾರು ಬೆಳಿಗ್ಗೆ ಒಂದೆರಡು ಸಲ ಕೀಚಿ ಸುಮ್ಮನಾದರೆ ಅದು ಬರೀ ತೇವ. ದಿನವೂ ಬಂದರೆ ನೋಡಲೇಬೇಕು. ಎಂಜಿನ್ ಓಡುತ್ತಿರುವಾಗ ಬೆಲ್ಟಿನ ಗೀರುಗಳ ಬದಿಗೆ ಸ್ವಲ್ಪ ನೀರು ಸಿಂಪಡಿಸಿ (ಕೈ, ಬಟ್ಟೆ ದೂರವಿರಲಿ). ಸದ್ದು ಹೆಚ್ಚಿದರೆ ಬಿಗಿ ಸಾಲದು. ನಿಂತು ಮತ್ತೆ ಬಂದರೆ ಪುಲ್ಲಿಗಳು (ಬೆಲ್ಟ್ ಸುತ್ತುವ ಚಕ್ರಗಳು) ಒಂದೇ ಸಾಲಿನಲ್ಲಿಲ್ಲ.

ಬಿರುಕಿಲ್ಲವೆಂದು ನಂಬಿ ಕೂರಬೇಡಿ. ಈಗಿನ ಬೆಲ್ಟುಗಳ ಇಪಿಡಿಎಂ ಎಂಬ ಕೃತಕ ರಬ್ಬರ್ ಬಿರುಕು ಬಿಡದೆಯೇ ಟೈರಿನಂತೆ ಸವೆಯುತ್ತದೆ. ಗೀರುಗಳು ಅಗಲವಾಗಿ, ತಳ ಪುಲ್ಲಿಗೆ ತಾಗುವಂತಾದರೆ ಬೆಲ್ಟ್ ಜಾರುತ್ತದೆ. ಎಣ್ಣೆ ಅಥವಾ ಕೂಲೆಂಟ್ (ಎಂಜಿನ್ ತಂಪಾಗಿಡುವ ದ್ರವ) ಬಿದ್ದಿದ್ದರೆ ಮೊದಲು ಆ ಸೋರಿಕೆ ನಿಲ್ಲಿಸಿ, ಇಲ್ಲವಾದರೆ ಹೊಸದೂ ಹಾಳು.

ಬದಲಿಸುವಾಗ ಎಂಜಿನ್ ತಣ್ಣಗಿರಲಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಬೆಲ್ಟ್ ಸುತ್ತಿರುವ ದಾರಿಯ ಫೋಟೋ ತೆಗೆಯಿರಿ. ಹಳೆಯ ಬೆಲ್ಟಿನ ಬೆನ್ನ ಮೇಲೆ 6ಪಿಕೆ1750 ಎಂದಿದ್ದರೆ 6 ಏಣು, 1750 ಮಿ.ಮೀ. ಉದ್ದ, ಅದೇ ಅಳತೆ ತನ್ನಿ. ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಟೆನ್ಶನರ್ ತಿರುಗಿಸಿ ಹಳೆಯದನ್ನು ತೆಗೆದ ಮೇಲೆ ಪ್ರತಿ ಪುಲ್ಲಿಯನ್ನೂ ಕೈಯಿಂದ ತಿರುಗಿಸಿ. ಗರಗರ ಎಂದರೆ ಬೇರಿಂಗ್ ಹೋಗಿದೆ. ಹೊಸದು ಹಾಕಿದ ಮೇಲೆ ಒಂದು ಏಣೂ ಪುಲ್ಲಿಯ ಅಂಚಿನಿಂದ ಹೊರಗಿಲ್ಲವೆಂದು ಟಾರ್ಚ್ ಹಿಡಿದು ನೋಡಿ. ಅಷ್ಟೇ ತಪ್ಪಿಗೆ ಬೆಲ್ಟ್ ಬೇಗ ಹರಿಯುತ್ತದೆ.

ಖಂಡಾಲಾ ಘಾಟಿನಲ್ಲಿ ಬ್ಯಾಟರಿ ದೀಪ ಹತ್ತಿ ತಾಪಮಾನದ ಮುಳ್ಳು ಏರಿದರೆ ಕೂಡಲೇ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿ. ಬೆಲ್ಟ್ ಹರಿದಿರಬಹುದು. ಹಲವು ಕಾರುಗಳಲ್ಲಿ ಕೂಲೆಂಟ್ ಹರಿಸುವ ವಾಟರ್ ಪಂಪ್ ಓಡುವುದೂ ಇದೇ ಬೆಲ್ಟಿನಿಂದ.