ಡ್ರಾಕುಲಾ ಕಾದಂಬರಿ ಮೊದಲು ಹೆದರಿಸಿ ನಡುವೆ ಯಾಕೆ ಎಳೆಯುತ್ತದೆ?

ನಮಗೆ ಗೊತ್ತಿರುವುದು ಪಾತ್ರಗಳಿಗೆ ಗೊತ್ತಿಲ್ಲ, ಅದಕ್ಕೆ. 1897ರಲ್ಲಿ ಬಂದ ಈ ಕಾದಂಬರಿಯನ್ನು ಬ್ರಾಮ್ ಸ್ಟೋಕರ್ ದಿನಚರಿ, ಪತ್ರ, ತಂತಿ, ಪತ್ರಿಕೆಯ ತುಣುಕುಗಳಲ್ಲೇ ಹೆಣೆದಿದ್ದಾರೆ. ಬರೆಯುವವರಿಗೆ ಆ ದಿನದವರೆಗಿನದಷ್ಟೇ ಗೊತ್ತು.

ಒಟ್ಟು 27 ಅಧ್ಯಾಯಗಳಲ್ಲಿ ಮೊದಲ ನಾಲ್ಕು, ರಕ್ತ ಹೀರುವ ಕೌಂಟ್ ಡ್ರಾಕುಲಾನ ಕೋಟೆಯಲ್ಲಿ ಸಿಕ್ಕಿಬಿದ್ದ ಇಂಗ್ಲಿಷ್ ವಕೀಲ ಜೊನಾಥನ್ ಹಾರ್ಕರನ ದಿನಚರಿ. ಕನ್ನಡಿಯಲ್ಲಿ ಕೌಂಟನ ಬಿಂಬವಿಲ್ಲ. ಅವನು ಹಲ್ಲಿಯ ಹಾಗೆ ತಲೆಕೆಳಗಾಗಿ ಗೋಡೆ ಇಳಿಯುತ್ತಾನೆ. ಇಲ್ಲಿ ಹಾರ್ಕರನ ಜೊತೆಜೊತೆಗೇ ನಾವೂ ಬೆಚ್ಚುತ್ತೇವೆ. ಇಡೀ ಪುಸ್ತಕದಲ್ಲಿ ಇದನ್ನು ಮೀರಿಸುವ ಭಾಗ ಇನ್ನೊಂದಿಲ್ಲ.

ಆಮೇಲೆ ಕಥೆ ಇಂಗ್ಲೆಂಡಿಗೆ ಜಿಗಿಯುತ್ತದೆ, ಕೌಂಟ್ ತೆರೆಮರೆಗೆ ಸರಿಯುತ್ತಾನೆ. ಹಾರ್ಕರನ ಭಾವಿ ಪತ್ನಿ ಮೀನಾಳ ಗೆಳತಿ ಲೂಸಿಯ ಕುತ್ತಿಗೆಯ ಗಾಯ ಏನೆಂದು ನಮಗೆ ನೋಡಿದ ಕೂಡಲೇ ಗೊತ್ತು. ಅವಳ ಸುತ್ತಲಿನವರಿಗೆ ಅದು ಮನವರಿಕೆಯಾಗುವುದು 15, 16ನೇ ಅಧ್ಯಾಯಗಳಲ್ಲಿ. ಅಷ್ಟರೊಳಗೆ ನಾಲ್ಕು ಗಂಡಸರು ಅವಳಿಗೆ ರಕ್ತ ಕೊಟ್ಟಾಗಿರುತ್ತದೆ (ರಕ್ತದ ಗುಂಪುಗಳು ಆಗಿನ್ನೂ ಪತ್ತೆಯಾಗಿರಲಿಲ್ಲ!).

ಎಳೆತ ಕಡಿಮೆಯಾಗಬೇಕೆಂದರೆ ತಾರೀಖುಗಳ ಮೇಲೆ ಕಣ್ಣಿಡಿ. ಐದನೇ ಅಧ್ಯಾಯದ ಮೊದಲ ಪತ್ರ, ಮೀನಾ ಲೂಸಿಗೆ ಬರೆದದ್ದು, ಮೇ 9ರದ್ದು. ಹಾರ್ಕರ್ ಆಗ ಇನ್ನೂ ಕೋಟೆಯಲ್ಲೇ ಇದ್ದಾನೆ. ಇದು ನೆನಪಿದ್ದರೆ ಮೀನಾಳ ಹಗುರ ಮಾತುಗಳೂ ಚಳಿ ಹುಟ್ಟಿಸುತ್ತವೆ. 17ನೇ ಅಧ್ಯಾಯದಲ್ಲಿ ಅವಳು ಎಲ್ಲ ದಾಖಲೆಗಳನ್ನು ಟೈಪ್ ಮಾಡಿ ಜೋಡಿಸುತ್ತಾಳೆ. ಕೌಂಟನನ್ನು ಬೇಟೆಯಾಡುವುದು ನಿಜಕ್ಕೂ ಶುರುವಾಗುವುದು ಅಲ್ಲಿಂದಲೇ.